ಯಂತ್ರಕ್ಕೂ ಬೇಕು ಬೀಸಣಿಗೆ

ವಾಲ್ವ್ ರೇಡಿಯೋಗಳ ಕಾಲವನ್ನು ಕಂಡ ಹಿರಿಯರಿಗೆ ಒಂದು ಸಂಗತಿ ನೆನಪಿರಬಹುದು. ನಡುಮನೆಯ ಗೂಡಿನಲ್ಲಿ, ಕಸೂತಿ ಹಾಕಿದ ಬಟ್ಟೆಯನ್ನು ಹೊದ್ದು, ಮನೆಯ ಯಜಮಾನನಂತೆ ಕುಳಿತಿರುತ್ತಿದ್ದ ಆ ಪೆಟ್ಟಿಗೆಯ ಬೆನ್ನಿಗೆ ತೂತುಗಳುಳ್ಳ ಒಂದು ರಟ್ಟಿನ ಹಲಗೆ ಇರುತ್ತಿತ್ತು. ವಾರ್ತೆ ಮುಗಿಯುವ ಹೊತ್ತಿಗೆ ಆ ತೂತುಗಳ ಬಳಿ ಕೈಯೊಡ್ಡಿದರೆ ಬೆಚ್ಚನೆಯ ಗಾಳಿ ತಾಗುತ್ತಿತ್ತು. ಒಳಗೆ ಕೆಂಡದಂತೆ ಮಿನುಗುತ್ತಿದ್ದ ನಾಲ್ಕಾರು ವಾಲ್ವುಗಳ ಶಾಖವು ಹೊರಬೀಳಲೆಂದೇ ಆ ಏರ್ಪಾಡು. ಗಾಳಿಯನ್ನು ದೂಡುವ ಯಂತ್ರವೇನೂ ಅಲ್ಲಿ ಬೇಕಿರಲಿಲ್ಲ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆಂಬ ಪ್ರಕೃತಿನಿಯಮವೇ ಸಾಕಾಗಿತ್ತು.

ಇಂದು ಮನೆಮನೆಯಲ್ಲಿಯೂ ಮಕ್ಕಳ ಓದಿಗೆ, ದೊಡ್ಡವರ ಕಚೇರಿ ಕೆಲಸಕ್ಕೆ, ಒಂದು ಪುಸ್ತಕದಷ್ಟು ತೆಳ್ಳಗಿನ ಲ್ಯಾಪ್‌ಟಾಪ್ ಕಂಪ್ಯೂಟರ್ ಬಂದು ಕುಳಿತಿದೆ. ಕೆಲಸ ಹೆಚ್ಚಾದೊಡನೆ ಅದರ ಒಡಲಿನಿಂದ 'ಸುಂಯ್' ಎಂಬ ಸದ್ದು ಹೊರಡುವುದನ್ನು ಕೇಳದವರಿಲ್ಲ. ಅದು ಒಳಗಿರುವ, ಅಂಗೈಗಿಂತ ಚಿಕ್ಕದಾದ ಫ್ಯಾನಿನ ದನಿ. ಆ ಫ್ಯಾನು ನಿಂತುಹೋದರೆ, ಭಾರಿ ಕೆಲಸದಲ್ಲಿರುವ ಯಂತ್ರವು ಕೆಲವೇ ನಿಮಿಷಗಳಲ್ಲಿ ಮಂದವಾಗುತ್ತದೆ. ಇಲ್ಲವೆ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಸಾವಿರಾರು ರೂಪಾಯಿ ಬೆಲೆಯ ಬುದ್ಧಿವಂತ ಯಂತ್ರದ ಆಯುಷ್ಯವು ಹೀಗೆ ಕೆಲವು ನೂರು ರೂಪಾಯಿಗಳ ಒಂದು ಬೀಸಣಿಗೆಯ ಕೈಯಲ್ಲಿದೆ ಎಂದರೆ ಆಶ್ಚರ್ಯವಲ್ಲವೆ?

ಇಸ್ತ್ರಿಪೆಟ್ಟಿಗೆಯನ್ನು ಮೀರಿಸಿದ ಚಿಪ್ಪು

ಕಂಪ್ಯೂಟರು ಲೆಕ್ಕ ಮಾಡುತ್ತದೆ, ಅಕ್ಷರ ಬರೆಯುತ್ತದೆ, ಚಿತ್ರ ತೋರಿಸುತ್ತದೆ. ಆದರೆ ಅದು ನುಂಗುವ ವಿದ್ಯುತ್ತು ಇವಾವುದರಲ್ಲಿಯೂ ಉಳಿದುಕೊಳ್ಳುವುದಿಲ್ಲ. ಹೆಚ್ಚುಕಡಿಮೆ ಅದಷ್ಟೂ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಪ್ರೊಸೆಸರ್ ಎಂಬ ಸಿಲಿಕಾನ್ ಚೂರಿನಲ್ಲಿ ಟ್ರಾನ್ಸಿಸ್ಟರ್‌ಗಳೆಂಬ ಕೋಟಿಗಟ್ಟಲೆ ಸ್ವಿಚ್ಚುಗಳಿವೆ. ಒಂದೊಂದು ಸ್ವಿಚ್ಚು ತೆರೆದು ಮುಚ್ಚುವಾಗಲೂ ಎಳ್ಳಿನ ಸಾವಿರದೊಂದು ಪಾಲಿನಷ್ಟು ವಿದ್ಯುತ್ತು ತುಂಬಿ ಬರಿದಾಗುತ್ತದೆ. ಇದು ಸೆಕೆಂಡಿಗೆ ನೂರಾರು ಕೋಟಿ ಬಾರಿ ನಡೆಯುವಾಗ ಎಳ್ಳೆಳ್ಳು ಸೇರಿ ರಾಶಿಯಾಗುತ್ತದೆ.

ಈ ತೊಂದರೆ ಕಂಪ್ಯೂಟರಿನೊಡನೆಯೇ ಹುಟ್ಟಿತು. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಲೋಕಕ್ಕೆ ಪರಿಚಯವಾದ 'ಎನಿಯಾಕ್' ಗಣಕದಲ್ಲಿ ಸುಮಾರು 18,000 ವಾಲ್ವುಗಳಿದ್ದವು. ಅದು ಸುಮಾರು 150 ಕಿಲೋವ್ಯಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ಆ ಶಾಖವನ್ನು ಹೊರಹಾಕಲು ಪ್ರತ್ಯೇಕವಾದ ಬ್ಲೋವರುಗಳನ್ನೇ ಹೂಡಬೇಕಾಯಿತು. ಮರುವರ್ಷ, 1947ರ ಡಿಸೆಂಬರಿನಲ್ಲಿ, ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಕೆಂಡದಂತೆ ಕಾಯಬೇಕಾದ ವಾಲ್ವಿನ ಜಾಗದಲ್ಲಿ ತಣ್ಣಗಿರುವ ಹರಳಿನ ತುಣುಕು ಬಂದದ್ದರಿಂದ, ಶಾಖದ ಪೀಡೆ ತೊಲಗಿತೆಂದೇ ಅನೇಕರಿಗೆ ತೋರಿರಬೇಕು.

ಆದರೆ 1965ರಲ್ಲಿ ಗಾರ್ಡನ್ ಮೂರ್ ಅವರು, ಒಂದೇ ಚಿಪ್ಪಿನಲ್ಲಿ ವರ್ಷವರ್ಷಕ್ಕೂ ಹೆಚ್ಚು ಹೆಚ್ಚು ಅಂಗಗಳನ್ನು ಅಡಕಿಸಬಹುದೆಂದು ಭವಿಷ್ಯ ನುಡಿದ ತಮ್ಮ ಪ್ರಸಿದ್ಧ ಲೇಖನದಲ್ಲಿಯೇ, ಆ ಶಾಖವನ್ನು ಹೊರತೆಗೆಯಲಾದೀತೆ ಎಂಬ ಪ್ರಶ್ನೆಯನ್ನೂ ಎತ್ತಿದ್ದರು. ಆದೀತೆಂದು ಧೈರ್ಯವನ್ನೂ ಹೇಳಿದ್ದರು. ಅವರ ಧೈರ್ಯ ಬಹುಕಾಲ ನಿಜವಾಯಿತು. 1974ರಲ್ಲಿ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ತೋರಿಸಿದಂತೆ, ಟ್ರಾನ್ಸಿಸ್ಟರು ಕಿರಿದಾದಷ್ಟೂ ಅದು ನುಂಗುವ ವಿದ್ಯುತ್ತೂ ಕಿರಿದಾಗುತ್ತಿತ್ತು. 1971ರ ಇಂಟೆಲ್ 4004 ಚಿಪ್ಪಿನಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದು, ಅದರ ಶಾಖ ಒಂದು ವ್ಯಾಟಿನ ಆಸುಪಾಸಿನಲ್ಲಿತ್ತು. ಅದಕ್ಕೆ ಬೀಸಣಿಗೆಯ ಹಂಗಿರಲಿಲ್ಲ. 1993ರಲ್ಲಿ ಪೆಂಟಿಯಂ ಬಂದಾಗ ಶಾಖ ಸುಮಾರು 15 ವ್ಯಾಟಿಗೆ ಏರಿತ್ತು. ಪ್ರೊಸೆಸರಿನ ನೆತ್ತಿಯ ಮೇಲೆಯೇ ಒಂದು ಫ್ಯಾನನ್ನು ಕೂರಿಸುವ ಪದ್ಧತಿ ಆ ವರ್ಷಗಳಲ್ಲಿ ಬೇರೂರಿತು.

ಆಮೇಲಿನ ಏರಿಕೆ ಗಾಬರಿ ಹುಟ್ಟಿಸುವಂಥದು. ಟ್ರಾನ್ಸಿಸ್ಟರು ತೀರ ಕಿರಿದಾದಾಗ, ಮುಚ್ಚಿದ ನಲ್ಲಿಯಿಂದ ನೀರು ತೊಟ್ಟಿಕ್ಕುವಂತೆ, ಆರಿಸಿದ ಸ್ವಿಚ್ಚಿನಿಂದಲೂ ವಿದ್ಯುತ್ತು ಸೋರತೊಡಗಿತು. 2004ರಲ್ಲಿ ಬಂದ ಪೆಂಟಿಯಂ 4ರ ಒಂದು ತಳಿಯಲ್ಲಿ 112 ಚದರ ಮಿಲಿಮೀಟರಿನ ಚಿಪ್ಪು ಸುಮಾರು 100 ವ್ಯಾಟ್ ಶಾಖವನ್ನು ಹೊರಸೂಸುತ್ತಿತ್ತು. ಬಟ್ಟೆಗೆ ಹಾಕುವ 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಒಂದು ಚದರ ಸೆಂಟಿಮೀಟರಿಗೆ ಐದಾರು ವ್ಯಾಟ್ ಶಾಖವಿದ್ದರೆ, ಈ ಚಿಪ್ಪಿನಲ್ಲಿ ಅದರ ಹದಿನೈದು ಪಾಲು! ಇನ್ನೂ ವೇಗದ ಮುಂದಿನ ತಳಿಯನ್ನು ಇಂಟೆಲ್ ಸಂಸ್ಥೆ ಅದೇ ವರ್ಷ ಕೈಬಿಟ್ಟಿತು. ಒಂದೇ ಎತ್ತನ್ನು ಓಡಿಸಿ ಸುಸ್ತು ಮಾಡುವ ಬದಲು ಹಲವು ಎತ್ತುಗಳನ್ನು ನಿಧಾನವಾಗಿ ನಡೆಸುವ ಹಾಗೆ, ಒಂದು ಚಿಪ್ಪಿನಲ್ಲಿ ಎರಡು, ನಾಲ್ಕು ತಿರುಳುಗಳನ್ನಿಡುವ ದಾರಿಯನ್ನು ಕಂಪ್ಯೂಟರ್ ಲೋಕವು ಹಿಡಿಯಿತು. ಆ ತಿರುವಿಗೆ ಶಾಖವೇ ಮುಖ್ಯ ಕಾರಣ.

ಗಾಳಿಯೆಂಬ ಬಡ ಕೂಲಿ

ಶಾಖವನ್ನು ಹೊತ್ತು ಹೊರಹಾಕುವುದರಲ್ಲಿ ಗಾಳಿಯಷ್ಟು ಬಡ ಕೂಲಿ ಇನ್ನೊಂದಿಲ್ಲ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗುವಷ್ಟರಲ್ಲಿ ಹೊರುವ ಶಾಖವನ್ನು ಹೊರಲು ಸುಮಾರು 3,500 ಲೀಟರ್ ಗಾಳಿ ಬೇಕು. ಆದರೂ ನಾವು ಗಾಳಿಯನ್ನೇ ನೆಚ್ಚಿದ್ದೇವೆ. ಏಕೆಂದರೆ ಅದಕ್ಕೆ ಬೆಲೆಯಿಲ್ಲ, ಅದು ಸೋರಿದರೆ ಯಂತ್ರ ಕೆಡುವುದಿಲ್ಲ, ಎಲ್ಲಿ ಹೋದರೂ ಸಿಗುತ್ತದೆ.

ವಾಚಕರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. 50 ವ್ಯಾಟ್ ಶಾಖವನ್ನು ಸೂಸುತ್ತಿರುವ ಲ್ಯಾಪ್‌ಟಾಪಿನೊಳಗೆ ಹೊಕ್ಕ ಗಾಳಿ 15 ಡಿಗ್ರಿ ಬಿಸಿಯಾಗಿ ಹೊರಬರಲೆನ್ನೋಣ. ಲೀಟರು ಗಾಳಿ ಡಿಗ್ರಿಗೆ ಹೊರುವುದು ಸುಮಾರು 1.2 ಜೌಲ್, ಆದ್ದರಿಂದ ಸೆಕೆಂಡಿಗೆ ಸುಮಾರು ಮೂರು ಲೀಟರ್, ಎಂದರೆ ನಿಮಿಷಕ್ಕೆ 160 ಲೀಟರಿಗೂ ಮೀರಿದ ಗಾಳಿ ಬೇಕು. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಉಸಿರಾಡುವುದು ಆರರಿಂದ ಎಂಟು ಲೀಟರ್ ಮಾತ್ರ. ನಮ್ಮ ತೊಡೆಯ ಮೇಲಿನ ಈ ಪುಟ್ಟ ಯಂತ್ರವು ನಮಗಿಂತ ಇಪ್ಪತ್ತು ಪಾಲು ಹೆಚ್ಚಾಗಿ ಉಸಿರಾಡಬೇಕಾಗಿದೆ!

ಊರಿಂದೂರಿಗೆ ಈ ಲೆಕ್ಕ ಬೇರೆಯಾಗುವುದೂ ಉಂಟು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಗಾಳಿ, ಅದೇ ಉಷ್ಣತೆಯಲ್ಲಿ, ಮಂಗಳೂರಿನ ಗಾಳಿಗಿಂತ ಸುಮಾರು ಹತ್ತನೆಯ ಒಂದು ಪಾಲು ತೆಳುವು. ಹಿಮಾಲಯದ ಲೇಹ್ ಪಟ್ಟಣದಲ್ಲಿ ಮೂರನೆಯ ಒಂದು ಪಾಲು ತೆಳುವು. ಗಾಳಿ ತೆಳುವಾದಷ್ಟೂ ಫ್ಯಾನು ಹೆಚ್ಚು ತಿರುಗಬೇಕು. ಇತ್ತ ರಾಯಚೂರಿನ ಬೇಸಿಗೆಯಲ್ಲಿ ಒಳಹೊಗುವ ಗಾಳಿಯೇ 40 ಡಿಗ್ರಿ ದಾಟಿದ್ದರೆ, ಅದು ತಣಿಸುವುದಾದರೂ ಎಷ್ಟು?

ಇನ್ನೊಂದು ತೊಡಕಿದೆ. 1904ರಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಎಂಬ ವಿಜ್ಞಾನಿ ಹೈಡೆಲ್‌ಬರ್ಗಿನ ಗಣಿತಜ್ಞರ ಸಮ್ಮೇಳನದಲ್ಲಿ ಒಂದು ತತ್ತ್ವವನ್ನು ಮುಂದಿಟ್ಟರು. ಗಾಳಿ ಎಷ್ಟೇ ಜೋರಾಗಿ ಬೀಸಿದರೂ ವಸ್ತುವಿನ ಮೈಗೆ ಅಂಟಿಕೊಂಡ ಪದರ ಮಾತ್ರ ಕದಲದೆ ನಿಂತಿರುತ್ತದೆ. ಅದರ ಮೇಲಿನ ತೆಳುವಾದ ಪೊರೆಯಲ್ಲಿ ವೇಗ ಮೆಲ್ಲಮೆಲ್ಲನೆ ಏರುತ್ತದೆ. ಈ ಪೊರೆ ಯಂತ್ರಕ್ಕೆ ಹೊದಿಸಿದ ಕಂಬಳಿಯಿದ್ದಂತೆ. ಬಿಸಿ ಇಡ್ಲಿಯನ್ನು ಊದಿ ಆರಿಸುವ ತಾಯಿ ಮಗುವಿಗಾಗಿ ಮಾಡುವುದೂ ಈ ಪೊರೆಯನ್ನು ಹರಿಯುವ ಕೆಲಸವನ್ನೇ. ಗಾಳಿ ಜೋರಾದಷ್ಟೂ ಪೊರೆ ತೆಳುವಾಗುತ್ತದೆ, ಶಾಖ ಬೇಗ ಬಿಟ್ಟುಹೋಗುತ್ತದೆ. ಗಾಳಿಗೆ ತಾಗುವ ಮೈಯನ್ನು ಹಿಗ್ಗಿಸಲೆಂದು ಅಲ್ಯೂಮಿನಿಯಂ ಇಲ್ಲವೆ ತಾಮ್ರದ ತೆಳ್ಳನೆಯ ಹಾಳೆಗಳನ್ನು ಪುಸ್ತಕದ ಪುಟಗಳಂತೆ ಜೋಡಿಸಿ ಚಿಪ್ಪಿಗೆ ಹೊಂದಿಸುತ್ತಾರೆ. ಇದೇ ಹೀಟ್ ಸಿಂಕ್.

ಅಂಗೈಯೊಳಗಿನ ಸುಳಿಗಾಳಿ

ಪುಟ್ಟ ಫ್ಯಾನಿನ ಒಳಗನ್ನು ಒಮ್ಮೆ ನೋಡುವುದು ಒಳ್ಳೆಯದು. ಛಾವಣಿಯ ಫ್ಯಾನಿನಂತೆ ಇದು ಮನೆಯ ವಿದ್ಯುತ್ತಿನಿಂದ ನೇರವಾಗಿ ನಡೆಯುವುದಲ್ಲ. 5 ಅಥವಾ 12 ವೋಲ್ಟಿನ ನೇರ ಪ್ರವಾಹದಿಂದ ತಿರುಗುತ್ತದೆ. ಹಳೆಯ ತರಹದ ನೇರಪ್ರವಾಹದ ಮೋಟಾರಿನಲ್ಲಿ ಇಂಗಾಲದ ಬ್ರಷ್ಷುಗಳು ಉಜ್ಜುತ್ತ, ಕಿಡಿ ಕಾರುತ್ತ, ಸವೆಯುತ್ತ ಇರುತ್ತಿದ್ದವು. ಸೂಕ್ಷ್ಮವಾದ ವಿದ್ಯುನ್ಮಾನದ ಪಕ್ಕದಲ್ಲಿ ಕಿಡಿ ಕಾರುವ ನೆರೆಯವನನ್ನು ಯಾರು ಸಹಿಸಿಯಾರು? ಇದಕ್ಕೆ ಪರಿಹಾರ ಒದಗಿದ್ದು 1879ರ ಒಂದು ಶೋಧದಿಂದ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಹಾಲ್, ವಿದ್ಯುತ್ತು ಹರಿಯುವ ಲೋಹದ ತಗಡಿಗೆ ಅಯಸ್ಕಾಂತವನ್ನು ಒಡ್ಡಿದರೆ ತಗಡಿನ ಅಡ್ಡಕ್ಕೆ ಅತಿ ಸಣ್ಣದೊಂದು ವೋಲ್ಟೇಜು ಮೂಡುವುದನ್ನು ಕಂಡರು. ಇಂದಿನ ಪುಟ್ಟ ಫ್ಯಾನಿನಲ್ಲಿ ರೆಕ್ಕೆಗಳನ್ನು ಹೊತ್ತ ಬಟ್ಟಲಿನ ಒಳಅಂಚಿಗೆ ಅಯಸ್ಕಾಂತದ ಬಳೆಯಿದೆ. ನಡುವೆ ಕದಲದ ತಂತಿಸುರುಳಿಗಳಿವೆ. ಬಳೆಯ ಯಾವ ಧ್ರುವ ಎದುರಿಗೆ ಬಂದಿದೆಯೆಂಬುದನ್ನು ಹಾಲ್ ಪರಿಣಾಮದ ಒಂದು ತುಣುಕು ಅರಿತು ತಿಳಿಸುತ್ತದೆ. ಅದಕ್ಕೆ ತಕ್ಕಂತೆ ಸುರುಳಿಗಳ ಪ್ರವಾಹ ಬದಲಾಗಿ ಬಟ್ಟಲು ಮುಂದಕ್ಕೆ ತಿರುಗುತ್ತದೆ. ಉಜ್ಜಾಟವಿಲ್ಲ, ಕಿಡಿಯಿಲ್ಲ, ಸವೆಯುವುದೆಂದರೆ ಅಚ್ಚಿನ ಬೇರಿಂಗ್ ಮಾತ್ರ.

ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನ ಫ್ಯಾನು ಗಾಳಿಯನ್ನು ನೇರವಾಗಿ ಮುಂದಕ್ಕೆ ತಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಾಗವೆಲ್ಲಿ? ಅಲ್ಲಿ ಬಸವನಹುಳುವಿನ ಚಿಪ್ಪಿನಾಕಾರದ ಗೂಡಿನಲ್ಲಿ ಕುಳಿತ ಬ್ಲೋವರು, ಗಾಳಿಯನ್ನು ನಡುವಿನಿಂದ ಎಳೆದು ಅಂಚಿನಿಂದ ಎಸೆಯುತ್ತದೆ. ಚಿಪ್ಪಿನ ಶಾಖವನ್ನು ಅಲ್ಲಿಗೆ ಸಾಗಿಸಲು ತಾಮ್ರದ ಚಪ್ಪಟೆ ಕೊಳವೆಯೊಂದಿದೆ. ಅದರೊಳಗೆ ಗಾಳಿಯನ್ನು ತೆಗೆದು ಕೆಲವೇ ಹನಿ ನೀರನ್ನಿಟ್ಟು ಮುಚ್ಚಿರುತ್ತಾರೆ. ಬಿಸಿ ತುದಿಯಲ್ಲಿ ನೀರು ಆವಿಯಾಗಿ ತಣ್ಣನೆಯ ತುದಿಗೆ ಓಡುತ್ತದೆ. ಅಲ್ಲಿ ಹನಿಯಾಗಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಒಳಗೋಡೆಯ ನವುರಾದ ಜಾಲದ ಮೂಲಕ ಮರಳಿ ಬರುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯ ಜಾರ್ಜ್ ಗ್ರೋವರ್ ಅವರು ರೂಢಿಗೆ ತಂದ ಈ 'ಶಾಖದ ಕೊಳವೆ' ಇಂದು ಲೆಕ್ಕವಿಲ್ಲದಷ್ಟು ಲ್ಯಾಪ್‌ಟಾಪುಗಳಲ್ಲಿದೆ.

ಸದ್ದಿನ ಕಾಟ

ಗಾಳಿ ಸಾಲದಿದ್ದರೆ ಫ್ಯಾನನ್ನು ಇನ್ನಷ್ಟು ವೇಗವಾಗಿ ತಿರುಗಿಸಿದರಾಯಿತಲ್ಲ ಎನ್ನಬಹುದು. ಇಲ್ಲಿಯೇ ಪ್ರಕೃತಿ ತನ್ನ ಸುಂಕವನ್ನು ಕೇಳುತ್ತದೆ. ವೇಗವನ್ನು ಇಮ್ಮಡಿ ಮಾಡಿದರೆ ಗಾಳಿ ಇಮ್ಮಡಿಯಾಗುತ್ತದೆ, ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದರೆ ಅದಕ್ಕೆ ತಗಲುವ ವಿದ್ಯುತ್ತು ಎಂಟು ಪಟ್ಟು! ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ, ಎಂದರೆ ಕಿವಿಗೆ ಸುಮಾರು ಮೂರು ಪಟ್ಟು ಜೋರಾಗಿ ಕೇಳುತ್ತದೆ. ಈ ನಿಯಮದ ಒಳ್ಳೆಯ ಮುಖವೂ ಉಂಟು: ವೇಗವನ್ನು ಅರ್ಧಕ್ಕಿಳಿಸಿದರೆ ಎಂಟನೆಯ ಒಂದು ಪಾಲು ವಿದ್ಯುತ್ತು ಸಾಕು. ಆದ್ದರಿಂದಲೇ ಇಂದಿನ ಯಂತ್ರಗಳು ಉಷ್ಣತೆಯನ್ನು ಅಳೆಯುತ್ತ, ಬೇಕಾದಾಗ ಬೇಕಾದಷ್ಟೇ ಫ್ಯಾನನ್ನು ತಿರುಗಿಸುತ್ತವೆ.

ಫ್ಯಾನಿನ ಸದ್ದನ್ನು ಬಹುವಾಗಿ ದ್ವೇಷಿಸಿದವರಲ್ಲಿ ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಒಬ್ಬರು. 1980ರಲ್ಲಿ ಬಂದ ಆ್ಯಪಲ್ 3 ಯಂತ್ರದಲ್ಲಿ ಫ್ಯಾನು ಇರಲೇಕೂಡದೆಂದು ಅವರು ಹಟ ಹಿಡಿದರು. ಶಾಖವನ್ನು ಹೊರಹಾಕುವ ಭಾರ ಅಲ್ಯೂಮಿನಿಯಂ ಒಡಲಿನ ಮೇಲೆ ಬಿತ್ತು. ಯಂತ್ರಗಳು ಕೆಡತೊಡಗಿದವು, ಚಿಪ್ಪುಗಳು ತಮ್ಮ ಹಿಡಿಗಳಿಂದ ಸಡಿಲವಾದವು. ಯಂತ್ರವನ್ನು ಮೇಜಿನಿಂದ ಕೆಲವು ಅಂಗುಲ ಎತ್ತಿ ಕೈಬಿಡಿರಿ, ಚಿಪ್ಪು ಮತ್ತೆ ಕೂತುಕೊಳ್ಳುತ್ತದೆ ಎಂಬುದೇ ಆಗ ಕೊಳ್ಳುಗರಿಗೆ ಸಿಕ್ಕ ಚಿಕಿತ್ಸೆಯೆಂಬುದು ಪ್ರಸಿದ್ಧವಾದ ಕಥೆ. ಆ ಯಂತ್ರ ವ್ಯಾಪಾರದಲ್ಲಿ ಸೋತಿತು. 1984ರ ಮ್ಯಾಕಿಂಟಾಷ್ ಯಂತ್ರಕ್ಕೂ ಫ್ಯಾನಿರಲಿಲ್ಲ. ಕೆಲವರು ಅದನ್ನು ರೊಟ್ಟಿ ಸುಡುವ ಟೋಸ್ಟರೆಂದು ಹಾಸ್ಯ ಮಾಡಿದರು. ಅವರ ಆಸೆ ಸುಲಭವಾಗಿ ನೆರವೇರಿದ್ದು ಅವರು ತೀರಿಕೊಂಡ ಮೇಲೆ: 2020ರಲ್ಲಿ ಆ್ಯಪಲ್ ಸಂಸ್ಥೆ ತನ್ನದೇ ಮಿತವ್ಯಯದ ಚಿಪ್ಪನ್ನಿಟ್ಟು, ಫ್ಯಾನಿಲ್ಲದ ಮ್ಯಾಕ್‌ಬುಕ್ ಏರ್ ಯಂತ್ರವನ್ನು ಹೊರತಂದಿತು. ಬಿಸಿ ಹೆಚ್ಚಿದರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನೀತಿಯನ್ನು ನಮ್ಮ ಮೊಬೈಲ್ ಫೋನುಗಳೂ ಅನುಸರಿಸುತ್ತವೆ.

ಫ್ಯಾನಿನ ಬೆಲೆಯನ್ನು ಚೆನ್ನಾಗಿ ಬಲ್ಲವರೆಂದರೆ ಗಗನಯಾತ್ರಿಗಳು. ಭೂಮಿಯ ಸುತ್ತ ಪರಿಭ್ರಮಿಸುವ ಅಂತರಿಕ್ಷ ನಿಲ್ದಾಣದಲ್ಲಿ ಭಾರವೆಂಬುದೇ ತೋರುವುದಿಲ್ಲ. ಆದ್ದರಿಂದ ಬಿಸಿಗಾಳಿ 'ಮೇಲಕ್ಕೆ' ಏರುವ ಮಾತೂ ಇಲ್ಲ. ಅಲ್ಲಿ ಫ್ಯಾನು ನಿಂತರೆ ಯಂತ್ರದ ಶಾಖ ಅದರ ಸುತ್ತಲೇ ಗುಡ್ಡೆಯಾಗುತ್ತದೆ. ಮಲಗಿದ ಯಾತ್ರಿ ಹೊರಬಿಟ್ಟ ಉಸಿರೂ ಅವನ ಮುಖದ ಮುಂದೆಯೇ ನಿಂತುಬಿಡಬಹುದು. ಅಲ್ಲಿ ಯಂತ್ರಕ್ಕೂ ಮನುಷ್ಯನಿಗೂ ಪ್ರಾಣವಾಯುವನ್ನು ಉಣಿಸುವುದು ಹಗಲಿರುಳೂ ತಿರುಗುವ ಫ್ಯಾನುಗಳೇ.

ರೆಕ್ಕೆಯಿಲ್ಲದ ಬೀಸಣಿಗೆ

ಯಂತ್ರಗಳು ತೆಳ್ಳಗಾಗುತ್ತ ಬಂದಂತೆ ತಿರುಗುವ ಫ್ಯಾನಿಗೆ ಎಡೆಯೇ ಇಲ್ಲದಾಗುತ್ತಿದೆ. 2019ರಲ್ಲಿ ಚೀನದ ನೂಬಿಯಾ ಸಂಸ್ಥೆ ಆಟವಾಡುವವರಿಗಾಗಿ ಮಾಡಿದ ಒಂದು ಮೊಬೈಲ್ ಫೋನಿನೊಳಗೆ ತಿರುಗುವ ಫ್ಯಾನನ್ನೇ ಕೂರಿಸಿತು. ಆದರೆ ಎಲ್ಲ ಫೋನುಗಳಿಗೂ ಅದು ಒಗ್ಗದು. ರೆಕ್ಕೆಯೂ ಅಚ್ಚೂ ಇಲ್ಲದೆ ಗಾಳಿಯನ್ನು ದೂಡುವ ಬಗೆ ಇದೆಯೆ?

ಇದಕ್ಕೆ ಉತ್ತರ ಕಮ್ಮಾರನ ಕುಲುಮೆಯಲ್ಲಿದೆ. ತಿದಿಗೆ ರೆಕ್ಕೆಯುಂಟೆ? ಅದು ಹಿಗ್ಗಿ ಕುಗ್ಗಿಯೇ ಗಾಳಿಯನ್ನು ಊದುತ್ತದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು 1880ರಲ್ಲಿ ಪಿಯರ್ ಮತ್ತು ಜಾಕ್ ಕ್ಯೂರಿ ಸೋದರರು ಕಂಡಿದ್ದರು. ಅಂಥ ಹರಳಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಅತಿ ಸ್ವಲ್ಪವಾಗಿ ಹಿಗ್ಗಿ ಕುಗ್ಗುತ್ತದೆಂಬುದು ಮರುವರ್ಷ ತಿಳಿದುಬಂತು. ಈ ಗುಣವುಳ್ಳ ತೆಳುಪೊರೆಯನ್ನು ಒಂದು ಪುಟ್ಟ ಗೂಡಿಗೆ ಬಿಗಿದು ಕಂಪಿಸಿದರೆ, ಗೂಡಿನ ತೂತಿನಿಂದ ಗಾಳಿ ಚಿಮ್ಮುತ್ತದೆ. 'ಒಳಗೆಳೆದ ಗಾಳಿಯನ್ನೇ ಹೊರಗೆ ಬಿಟ್ಟರೆ ಲಾಭವೇನು?' ಎಂದು ಕೇಳಬಹುದು. ಊದಿ ದೀಪವನ್ನು ಆರಿಸಬಹುದು. ಉಸಿರನ್ನು ಒಳಗೆಳೆದು ದೀಪವನ್ನು ಆರಿಸಿದವರುಂಟೆ? ಎಳೆಯುವಾಗ ಗಾಳಿ ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ಊದುವಾಗ ಒಂದೇ ಧಾರೆಯಾಗಿ ಹೋಗುತ್ತದೆ. 1990ರ ದಶಕದಲ್ಲಿ ಅಮೆರಿಕದ ಜಾರ್ಜಿಯ ತಾಂತ್ರಿಕ ವಿದ್ಯಾಸಂಸ್ಥೆಯ ಆರಿ ಗ್ಲೆಜರ್ ಮತ್ತು ಅವರ ಸಂಗಡಿಗರು ಈ ಬಗೆಯ ಧಾರೆಗಳನ್ನು ಆಳವಾಗಿ ಅಭ್ಯಾಸ ಮಾಡಿದರು.

2022ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಫ್ರೋರ್ ಸಿಸ್ಟಮ್ಸ್ ಎಂಬ ಸಂಸ್ಥೆ 'ಏರ್‌ಜೆಟ್' ಎಂಬ ಸಾಧನವನ್ನು ಪ್ರಕಟಿಸಿತು. ಅದರ ಕಿರಿಯ ಮಾದರಿಯ ದಪ್ಪ 2.8 ಮಿಲಿಮೀಟರ್. ಒಳಗಿನ ಪೊರೆಗಳು ಕಿವಿಗೆ ಕೇಳದಷ್ಟು ವೇಗದಲ್ಲಿ ಕಂಪಿಸಿ, ಮೇಲಿನಿಂದ ಗಾಳಿಯನ್ನೆಳೆದು, ಕೆಳಗಿನ ತಾಮ್ರದ ತಗಡಿನ ಮೇಲೆ ಸಣ್ಣ ಸಣ್ಣ ಧಾರೆಗಳಾಗಿ ಅಪ್ಪಳಿಸುತ್ತವೆ. ಪ್ರಾಂಟ್ಲ್ ಅವರ ಆ 'ಕಂಬಳಿ' ಹೀಗೆ ಚಿಂದಿಯಾಗುತ್ತದೆ. ಒಂದು ವ್ಯಾಟ್ ವಿದ್ಯುತ್ತನ್ನು ಪಡೆದು ಐದು ವ್ಯಾಟಿಗೆ ತುಸು ಹೆಚ್ಚು ಶಾಖವನ್ನು ಅದು ಹೊರಹಾಕಬಲ್ಲುದೆಂದೂ, ಅದರ ಒತ್ತಡ 1,750 ಪಾಸ್ಕಲ್ ಎಂದೂ ಸಂಸ್ಥೆ ತಿಳಿಸಿದೆ. ಎಂದರೆ ಸುಮಾರು 18 ಸೆಂಟಿಮೀಟರ್ ಎತ್ತರದ ನೀರಿನ ಕಂಬವನ್ನು ತಡೆದು ನಿಲ್ಲಿಸುವ ಒತ್ತಡ. ಇಷ್ಟು ಒತ್ತಡವಿದ್ದರೆ ಧೂಳನ್ನು ತಡೆಯುವ ನವುರಾದ ಜಾಲರಿಯ ಮೂಲಕವೂ ಗಾಳಿಯನ್ನು ಎಳೆಯಬಹುದು. 2023ರಲ್ಲಿ ಇದನ್ನು ಅಳವಡಿಸಿದ ಪುಟ್ಟ ಕಂಪ್ಯೂಟರೊಂದು ಮಾರುಕಟ್ಟೆಗೂ ಬಂತು.

2024ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಎಕ್ಸ್‌ಮೆಮ್ಸ್ ಸಂಸ್ಥೆ ಇನ್ನೂ ಮುಂದೆ ಹೋಗಿ, ಬೀಸಣಿಗೆಯನ್ನೇ ಸಿಲಿಕಾನ್ ಚಿಪ್ಪಿನಲ್ಲಿ ಕೊರೆದಿರುವುದಾಗಿ ಸಾರಿತು. ಅದರ ದಪ್ಪ ಕೇವಲ 1.08 ಮಿಲಿಮೀಟರ್, ತೂಕ 150 ಮಿಲಿಗ್ರಾಮಿಗೂ ಕಡಿಮೆ, ಆರೇಳು ಅಕ್ಕಿಕಾಳುಗಳಷ್ಟು. ಸೆಕೆಂಡಿಗೆ 39 ಘನ ಸೆಂಟಿಮೀಟರ್ ಗಾಳಿಯನ್ನು ಅದು ದೂಡುತ್ತದೆಯಂತೆ. ನಮ್ಮ ಹಿಂದಿನ ಲೆಕ್ಕವನ್ನೇ ಇಲ್ಲಿ ಹಾಕಿದರೆ, 15 ಡಿಗ್ರಿ ಏರಿಕೆಗೆ ಅಷ್ಟು ಗಾಳಿ ಹೊರುವುದು ಒಂದು ವ್ಯಾಟಿಗೂ ಕಡಿಮೆ ಶಾಖವನ್ನು. ಅದು ಲ್ಯಾಪ್‌ಟಾಪಿನ ಫ್ಯಾನಿಗೆ ಸಮನಲ್ಲ ನಿಜ. ಆದರೆ ನಾಲ್ಕೈದು ವ್ಯಾಟಿಗೇ ಬಿಸಿಯೇರಿ ಬಳಲುವ ಮೊಬೈಲ್ ಫೋನಿಗೆ ಅಷ್ಟೇ ದೊಡ್ಡ ಉಪಕಾರವಾದೀತು.

ಮನೆಯವರು ಮಾಡಬೇಕಾದದ್ದು

ಹೊಸ ಸಾಧನಗಳು ಮನೆಮನೆಗೆ ಬರುವಾಗ ಬರಲಿ. ಈಗಿರುವ ಯಂತ್ರವನ್ನು ಕಾಪಾಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ವಿದ್ಯುನ್ಮಾನ ಸಾಧನಗಳಲ್ಲಿರುವ ಒಂದು ಬಗೆಯ ಕೆಪಾಸಿಟರುಗಳ ಆಯುಷ್ಯ, ಪ್ರತಿ 10 ಡಿಗ್ರಿ ಬಿಸಿ ಏರಿದಾಗ ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರು ನಂಬಿ ನಡೆಯುವ ಲೆಕ್ಕ. ಲಿಥಿಯಂ ಬ್ಯಾಟರಿಗೂ ಬಿಸಿಯೇ ಶತ್ರು.

ಮಕ್ಕಳು ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೋ ದಿಂಬಿನ ಮೇಲೋ ಇಟ್ಟುಕೊಂಡು ಓದುವುದು ಈಗ ಸಾಮಾನ್ಯ. ಅನೇಕ ಯಂತ್ರಗಳ ಉಸಿರಾಟದ ಕಿಂಡಿ ಇರುವುದು ತಳದಲ್ಲಿ. ಮೆತ್ತನೆಯ ಹಾಸಿಗೆಯ ಮೇಲೆ ಇಟ್ಟರೆ ಅದರ ಮೂಗನ್ನು ಹಿಡಿದಂತೆಯೇ. ಒಂದು ಮರದ ಹಲಗೆಯನ್ನು ಅಡಿಗಿಟ್ಟರೆ ಸಾಕು, ಅಪಾಯ ತಪ್ಪುತ್ತದೆ. ವೈ-ಫೈ ಪೆಟ್ಟಿಗೆ, ಟೆಲಿವಿಷನ್ನಿನ ಸೆಟ್‌ಟಾಪ್ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಫ್ಯಾನೇ ಇರುವುದಿಲ್ಲ. ಹಳೆಯ ರೇಡಿಯೋಗಳಂತೆ ಅವು ತಾವಾಗಿ ಏರುವ ಬಿಸಿಗಾಳಿಯನ್ನೇ ನೆಚ್ಚಿವೆ. ಅಂದಕ್ಕೆಂದು ಅವುಗಳ ಮೇಲೆ ಬಟ್ಟೆ ಹೊದಿಸುವುದಾಗಲಿ, ಬೀರುವಿನೊಳಗೆ ಮುಚ್ಚಿಡುವುದಾಗಲಿ ಸಲ್ಲದು.

ನಮ್ಮ ಊರುಗಳ ಧೂಳು ಫ್ಯಾನಿನ ದೊಡ್ಡ ವೈರಿ. ವರುಷಕ್ಕೊಮ್ಮೆಯಾದರೂ ತಿಳಿದವರಿಂದ ಅದನ್ನು ಶುಚಿ ಮಾಡಿಸಬೇಕು. ಗಾಳಿಯೂದಿ ಧೂಳು ತೆಗೆಯುವಾಗ ಯಂತ್ರವನ್ನು ಆರಿಸಿ, ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಕಡ್ಡಿಯಿಂದ ತಡೆದು ಹಿಡಿಯಬೇಕು; ಇಲ್ಲವಾದರೆ ಮಿತಿಮೀರಿದ ವೇಗಕ್ಕೆ ಬೇರಿಂಗ್ ಕೆಡಬಹುದು. ಫ್ಯಾನು 'ಗರಗರ' ಎಂದರೆ ಬೇರಿಂಗ್ ಸವೆದಿರುವ ಸೂಚನೆ. ಕೆಲಸವಿಲ್ಲದಿದ್ದರೂ ಸದಾ ಜೋರಾಗಿ ತಿರುಗುತ್ತಿದ್ದರೆ ಕಿಂಡಿಗಳು ಧೂಳಿನಿಂದ ಮುಚ್ಚಿರಬಹುದು. ಬ್ಯಾಟರಿ ಉಬ್ಬಿ ಯಂತ್ರದ ತಳ ಏರಿದ್ದು ಕಂಡರೆ ಆ ಕ್ಷಣವೇ ಬಳಕೆಯನ್ನು ನಿಲ್ಲಿಸಿ ರಿಪೇರಿಯವರಿಗೆ ತೋರಿಸತಕ್ಕದ್ದು.

ಒಂದು ಲೆಕ್ಕದಲ್ಲಿ ಈ ಪುಟ್ಟ ಫ್ಯಾನು ಮನೆಯ ಹಳೆಯ ಆಳಿನಂತೆ. ಅದು ಚೆನ್ನಾಗಿ ಕೆಲಸ ಮಾಡುವಷ್ಟು ಕಾಲ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಮಗಳ ಟಿಪ್ಪಣಿಗಳೆಲ್ಲ ಯಂತ್ರದೊಳಗೆ ಸಿಕ್ಕಿಕೊಂಡು ತೆರೆ ಕಪ್ಪಾದಾಗ ಮಾತ್ರ ಅದರ ನೆನಪಾಗುತ್ತದೆ. ಅಂಥ ರಾತ್ರಿ ಬರುವುದಕ್ಕೆ ಮೊದಲೇ, ಈ ವಾರದ ಬಿಡುವಿನಲ್ಲಿ, ನಿಮ್ಮ ಯಂತ್ರವನ್ನು ಮಗುಚಿ ಅದರ ಉಸಿರಿನ ಕಿಂಡಿಗಳನ್ನೊಮ್ಮೆ ನೋಡಿರಿ.